ಎಂಟೂವರೆಯ ಸೂಜಿ

ಡೆನೀಸ್ ಹ್ರಿಷ್ಕೊ ನಮ್ಮ ಊರಿನ ದನದ ಡಾಕ್ಟರ ಸಹಾಯಕಿ. ಹದಿನಾರು ವರ್ಷಗಳಲ್ಲಿ ಅವಳ ಕೈಯಿಂದ ಚುಚ್ಚಿಸಿಕೊಳ್ಳದ ಹಸು ಈ ಸುತ್ತಿನಲ್ಲಿ ಉಳಿದಿಲ್ಲ. ಎಂಥ ಒದೆಯುವ ಹಸುವಿಗೂ "ಮುಗೀತು ಕಣಮ್ಮಾ" ಅನ್ನುವಷ್ಟರಲ್ಲಿ ಮುಗಿಸಿರುತ್ತಾಳೆ. ಅಂಥವಳು ತನ್ನ ಹೊಟ್ಟೆಗೇ ಸೂಜಿ ಗುರಿಯಿಟ್ಟುಕೊಂಡು, ಹಣೆಯಲ್ಲಿ ಬೆವರು ಸುರಿಸುತ್ತ ನಿಂತಿದ್ದ ಸೋಜಿಗವನ್ನು ನಾನು ಕಂಡದ್ದು ಐಸಿನ ಮೇಲೆ ಭಾರದ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಕ್ಲಬ್ಬಿನ ಹೆಂಗಸರ ಕೋಣೆಯಲ್ಲಿ.

"ಬಾಗಿಲು ಹಾಕೇ ಮೊದ್ಲು!"

"ಏನೇ ಇದು, ಸಕ್ಕರೆ ಕಾಯಿಲೆನಾ?"

"ಹೌದು ಅಂದ್ರೆ ನಂಬ್ತೀಯಾ?"

"ಇಲ್ಲ."

"ಹಾಗಾದ್ರೆ ಬಾಯಿ ಮುಚ್ಕೊಂಡು ಈ ಸ್ವೆಟರ್ ಎತ್ತಿ ಹಿಡ್ಕೋ."

ಹಿಡಿದುಕೊಂಡೆ. ನಮ್ಮ ಶಾಲೆಯಲ್ಲಿ ಸಿಸ್ಟರುಗಳು ಹೆಣ್ಣಿನ ದೇಹದ ಬಗ್ಗೆ ಕಲಿಸಿದ್ದು ಎರಡೇ ಪಾಠ: ನೆಟ್ಟಗೆ ಕೂರು, ಮುಚ್ಚಿಕೊಂಡು ಕೂರು. ಉಳಿದದ್ದನ್ನು ನಾನು ಆ ಹತ್ತು ದಿನಗಳಲ್ಲಿ ಡೆನೀಸಳ ಹೊಟ್ಟೆಯ ಮೇಲೆ ಓದಿಕೊಂಡೆ. ಹೊಕ್ಕುಳಿಂದ ಎರಡು ಬೆರಳು ಆಚೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಚರ್ಮ ಹಿಡಿದೆತ್ತಿ ಚುಚ್ಚಿ, ಹತ್ತು ಎಣಿಸಿ, ಸೂಜಿ ತೆಗೆ. ಒಳಗೆ ತಿಂಗಳಿಗೊಂದರಂತೆ ಬಲಿಯಬೇಕಾದ ಅಂಡಗಳನ್ನು ಒಟ್ಟಿಗೆ ಹತ್ತು ಹನ್ನೆರಡು ಬಲಿಯುವಂತೆ ಮಾಡುವ ಹಾರ್ಮೋನು ಅದು. ಹಿಂದೆ ಎರಡು ಸಲ ಪ್ರನಾಳ ಶಿಶುವಿಗೆ ಪ್ರಯತ್ನ ಮಾಡಿ ಸೋತಿದ್ದಳು. ಅವಳಿಗೆ ಮೂವತ್ತೊಂಬತ್ತು. ಇದು ಮೂರನೆಯದು, ಇದೇ ಕೊನೆಯದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಗಂಡ ಓರೆಸ್ಟ್ ಎರಡು ವಾರ ಉತ್ತರದ ಗಣಿಯಲ್ಲಿ, ಎರಡು ವಾರ ಮನೆಯಲ್ಲಿ. ಸೂಜಿಯ ವಾರಗಳು ಗಣಿಯ ವಾರಗಳಿಗೇ ಬಂದು ಬಿದ್ದಿದ್ದವು. ಹತ್ತಿರ ಇದ್ದವಳು ಅತ್ತೆ ಮೈರ್ನಾ ಒಬ್ಬಳೇ, ಬೇಕಾದ್ದಕ್ಕಿಂತ ಹತ್ತಿರ. ಈ ಊರಿನ ಉಕ್ರೇನಿ ಮನೆಗಳಲ್ಲಿ ಅಜ್ಜಿಗೆ 'ಬಾಬಾ' ಅನ್ನುತ್ತಾರೆ. ಮೈರ್ನಾ ಹನ್ನೊಂದು ವರ್ಷದಿಂದ ಬಾಬಾ ಆಗಲು ಕಾದವಳು. ಎಷ್ಟು 'ಬಾ ಬಾ' ಎಂದರೂ ಬರುವವರು ಬರಬೇಕಲ್ಲ. ಭಾನುವಾರದ ಊಟಕ್ಕೆ ಆಲೂಗಡ್ಡೆ ಹೂರಣದ ಪೆರೋಗಿ ಕಡುಬು ಬಡಿಸುತ್ತಲೇ ಶುರು ಮಾಡುತ್ತಿದ್ದಳು.

"ಐಸ್ ಮೇಲೆ ನಿಂತು ನಿಂತು ನಿನ್ನ ಗರ್ಭ ಹೆಪ್ಪುಗಟ್ಟಿದೆ ಕಣೆ."

"ನೀವೂ ನಿಂತಿದ್ರಲ್ಲ ಅತ್ತೆ, ನಲವತ್ತು ವರ್ಷ?"

"ನಾನು ಉಣ್ಣೆ ಲಂಗ ಹಾಕ್ಕೊಂಡು ನಿಂತಿದ್ದೆ!"

ಹೀಗಾಗಿ ಡೆನೀಸ್ ಬೇರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರತಿ ಸೂಜಿಗೂ ಊರೇ ಉಸಿರು ಬಿಗಿಹಿಡಿಯುತ್ತದೆ, ಸೋತರೆ ಊರೇ ನಿಟ್ಟುಸಿರು ಬಿಡುತ್ತದೆ. ಹಾಗೆಂದು ಮನೆಯಲ್ಲಿ ಅವಿತು ಕೂರುವಂತೆಯೂ ಇಲ್ಲ. ಚಳಿಗಾಲದಲ್ಲಿ ಕರ್ಲಿಂಗ್ ಆಡದ ಹೆಂಗಸು ಇಲ್ಲಿ ಬಸುರಿ ಎಂದೇ ಲೆಕ್ಕ. ಆಟವಾದ ಮೇಲೆ ಗೆದ್ದವರು ಸೋತವರಿಗೆ ಕೊಡಿಸುವ ಬಿಯರು ಬೇಡವೆಂದರೂ ಬಸುರಿ. ಹೋದ ವರ್ಷ ಒಂದೇ ಒಂದು ಸಂಜೆ ಬೇಡವೆಂದದ್ದಕ್ಕೆ ಅವಳ ಮನೆಗೆ ಮೂರು ಜೊತೆ ಪುಟ್ಟ ಕಾಲುಚೀಲ ಬಂದಿದ್ದವು. ಅವನ್ನು ಹಿಂದಿರುಗಿಸುವುದು ಹೇಗೆಂದು ಯಾವ ಸಿಸ್ಟರೂ ನಮಗೆ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ಆಡಿದಳು. ಹೊಟ್ಟೆ ಉಬ್ಬಿ ಪ್ಯಾಂಟಿನ ಗುಂಡಿ ಹಾಕಲಾಗುತ್ತಿರಲಿಲ್ಲ. ಬಗ್ಗಬೇಡ, ಮೈ ತಿರುಚಬೇಡ ಎಂದು ಡಾಕ್ಟರು ಹೇಳಿದ್ದರು. ಬೆನ್ನುನೋವು ಎಂದು ಸುಳ್ಳು ಹೇಳಿ, ಮುದುಕಿಯರಂತೆ ನಿಂತೇ ಕೋಲಿನಿಂದ ಕಲ್ಲು ತಳ್ಳಿದಳು. ಹಾಗೆ ತಳ್ಳಿಯೂ ನಮ್ಮ ತಂಡವನ್ನು ಹೆಂಗಸರ ಫೈನಲ್‌ಗೆ ತಂದು ನಿಲ್ಲಿಸಿದಳು. ಎದುರಾಳಿ ತಂಡದ ನಾಯಕಿ ಮೈರ್ನಾ.

ಆ ಶನಿವಾರ ಮಧ್ಯಾಹ್ನ ಎರಡು ಗಂಟೆ ದೂರದ ವಿನಿಪೆಗ್ ನಗರದ ಆಸ್ಪತ್ರೆಯಿಂದ ಫೋನು ಬಂತು. ಅಂಡಗಳು ಬಲಿತಿವೆ, ಕೊನೆಯ ಸೂಜಿ ಇವತ್ತು ಸಂಜೆ ಎಂಟೂವರೆಗೆ. ಅದಾಗಿ ಸರಿಯಾಗಿ ಮೂವತ್ತಾರು ಗಂಟೆಗೆ, ಸೋಮವಾರ ಬೆಳಿಗ್ಗೆ, ಅವನ್ನು ಹೊರಗೆ ತೆಗೆಯುತ್ತಾರೆ. ಸೂಜಿಯ ಹೊತ್ತು ತಪ್ಪಿದರೆ ಇಷ್ಟು ದಿನದ್ದೂ ವ್ಯರ್ಥ.

"ಫೈನಲ್ ಆರಕ್ಕೆ," ಅಂದಳು ಡೆನೀಸ್. "ಎಂಟಕ್ಕೆ ಮುಗಿಯುತ್ತೆ. ಹತ್ತು ನಿಮಿಷದಲ್ಲಿ ಮನೆ. ಔಷಧಿ ಮನೆ ಫ್ರಿಜ್ಜಲ್ಲೇ ಇರ್ಲಿ, ಇವತ್ತು ಕ್ಲಬ್ಬಲ್ಲಿ ಜನ ಜಾಸ್ತಿ, ಯಾರಾದ್ರೂ ಬ್ಯಾಗ್ ಬಿಚ್ಚಿ ನೋಡ್ತಾರೆ."

ಗಂಡಸರ ಆಟ ಎಳೆದು ಎಳೆದು, ನಮ್ಮದು ಶುರುವಾದದ್ದು ಆರೂ ಮುಕ್ಕಾಲಿಗೆ. ನಮ್ಮ ನಾಲ್ಕನೆಯವಳು ಜ್ವರ ಬಂದು ಮಲಗಿದ್ದಳು. ಮೂವರು ಆಡಬಹುದು, ಇಬ್ಬರಾದರೆ ಆಟವಿಲ್ಲ. ಉದ್ದನೆಯ ಐಸು, ಎರಡೂ ಬದಿ ಹಲಗೆ, ತುದಿಯಲ್ಲಿ ಗೋಡೆಯಗಲ ಗಾಜು. ಗಾಜಿನಾಚೆ ಬೆಚ್ಚಗೆ ಕೂತು ನೋಡುತ್ತಿದ್ದ ಅರ್ಧ ಊರು. ಮೀನಿನ ತೊಟ್ಟಿಯಲ್ಲಿ ಮೀನು ಗಡಿಯಾರ ನೋಡಿದ ಹಾಗೆ ಡೆನೀಸ್ ಗಡಿಯಾರ ನೋಡುತ್ತಿದ್ದಳು.

ಎಂಟೂ ಹತ್ತು. ಸಮ ಸಮ. ಒಂದೇ ಸುತ್ತು ಬಾಕಿ, ಕೊನೆಯ ಕಲ್ಲು ನಮ್ಮದು. ಕೊನೆಯ ಕಲ್ಲು ಯಾರದೋ ಆಟ ಬಹುಪಾಲು ಅವರದೇ. ಆದರೆ ಆ ಸುತ್ತಿಗೆ ಕಾಲು ಗಂಟೆ ಬೇಕು.

"ನಾನು ಓಡಿ ಹೋಗಿ ತರ್ಲಾ?" ಎಂದು ಪಿಸುಗುಟ್ಟಿದೆ.

"ಹೋಗೋಕೆ ಹತ್ತು, ಬರೋಕೆ ಹತ್ತು. ಔಷಧಿ ಪುಡಿ ಕಲಸೋಕೆ ಐದು. ನೀನು ಹೋದ್ರೂ ಇಲ್ಲಿ ಇಬ್ಬರೇ. ಲೆಕ್ಕ ಬರಲ್ವಾ ನಿಂಗೆ?"

ಅವಳು ಬಲಗೈಯ ಗವಸು ತೆಗೆದಳು.

ಗೆಲ್ಲುವ ದಾರಿ ಪೂರ್ತಿ ಮುಚ್ಚಿದಾಗ ನಾಯಕಿ ಗವಸು ತೆಗೆದು ಎದುರಾಳಿಗೆ ಕೈ ಚಾಚುತ್ತಾಳೆ. ಅವಳು ಹಿಡಿದು ಕುಲುಕಿದರೆ ಆಟ ಮುಗಿಯಿತು. ಅದು ಮರ್ಯಾದೆಯ ಸೋಲು. ಆದರೆ ಗೆಲ್ಲುವ ಆಟದಲ್ಲಿ ಹೀಗೆ ಕೈ ಕೊಟ್ಟವರನ್ನು ಈ ಊರು ನೋಡಿರಲಿಲ್ಲ. ತನ್ನ ತಂಡಕ್ಕೂ ಕೈ ಕೊಟ್ಟಂತೆ, ಎದುರಾಳಿಗೆ ಭಿಕ್ಷೆ ಹಾಕಿದಂತೆ. ಗಾಜಿನಾಚೆ ಜನ ಎದ್ದು ನಿಂತರು.

ಡೆನೀಸ್ ಚಾಚಿದ ಕೈಯನ್ನು ಮೈರ್ನಾ ಮುಟ್ಟಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಏನಿದು? ಮುದುಕಿ ಅಂತ ಕನಿಕರಾನಾ? ಬೇಡ ನಿನ್ನ ಧರ್ಮ. ಕಲ್ಲು ಹಾಕು."

"ಅತ್ತೆ, ಕೈ ಹಿಡೀರಿ."

"ಹಿಡಿಯಲ್ಲ. ಆಡು."

"ನಾನು ಹೋಗ್ಬೇಕು."

"ಎಲ್ಲಿಗೆ? ನಮ್ಮ ಓರೆಸ್ಟ್ ಊರಲ್ಲಿಲ್ಲ, ನಿಂಗ್ಯಾರು ಕಾಯ್ತಿದ್ದಾರೆ ಮನೇಲಿ?"

ಡೆನೀಸ್ ಒಮ್ಮೆ ಗಾಜಿನ ಕಡೆ ನೋಡಿದಳು. ಮಾತು ಆಚೆ ಕೇಳಿಸುವುದಿಲ್ಲ. ಮುಖ ಮಾತ್ರ ಎಲ್ಲರಿಗೂ ಕಾಣುತ್ತದೆ. ಮುಖ ಅಲುಗದ ಹಾಗೆ, ಬ್ಯಾಂಕಿನಲ್ಲಿ ವಿಳಾಸ ಹೇಳುವವಳ ಹಾಗೆ ಹೇಳಿದಳು.

"ಎಂಟೂವರೆಗೆ ಸರಿಯಾಗಿ ನಾನು ಹೊಟ್ಟೆಗೆ ಸೂಜಿ ಚುಚ್ಕೋಬೇಕು. ಮಗುಗೋಸ್ಕರ. ಹತ್ತು ದಿನದಿಂದ ಚುಚ್ಕೋತಾ ಇದೀನಿ. ಸೂಜಿ ಮನೇಲಿದೆ. ಇದು ಮೂರನೇ ಸಲ."

ಮೈರ್ನಾ ಸೊಸೆಯ ಕೈ ಹಿಡಿದು, ಕುಲುಕುವುದನ್ನೇ ಮರೆತು, ಹಲ್ಲು ಕಚ್ಚಿ ಅಂದಳು: "ಓಡಬೇಡ, ಜಾರ್ತೀಯ. ನಡಿ."

ನಾನು ಕಾರು ಓಡಿಸಿದೆ. ಎಂಟು ಇಪ್ಪತ್ತೆರಡಕ್ಕೆ ಮನೆ. ಅಡುಗೆಮನೆಯ ಮೇಜಿನ ಮೇಲೆ ಡೆನೀಸ್ ನೀರಿನ ಸೀಸೆ ಒಡೆದು, ಪುಡಿಗೆ ಬೆರೆಸಿ, ಸಿರಿಂಜಿಗೆ ಎಳೆದು, ಗುಳ್ಳೆ ತಟ್ಟಿ ತೆಗೆದಳು. ಚರ್ಮ ಹಿಡಿದಳು. ಹಿಡಿಯಲು ನೀಲಿಗಟ್ಟದ ಜಾಗವೇ ಇರಲಿಲ್ಲ. ಒಲೆಯ ಮೇಲಿನ ಗಡಿಯಾರ ಎಂಟೂವರೆ ತೋರಿಸಿದ ಕ್ಷಣಕ್ಕೆ ಚುಚ್ಚಿದಳು. ನಾನು ಗಟ್ಟಿಯಾಗಿ ಹತ್ತು ಎಣಿಸಿದೆ.

ಅವಳಿನ್ನೂ ಹತ್ತಿ ಒತ್ತಿಕೊಂಡಿದ್ದಾಗಲೇ ಅಂಗಳದಲ್ಲಿ ಕಾರಿನ ಬೆಳಕು ತಿರುಗಿತು.

"ಬಂದ್ರು," ಅಂದಳು ಡೆನೀಸ್. "ಎರಡು ನಿಮಿಷಾನೂ ನಂದು ಅಂತ ಇಲ್ಲ ನೋಡು."

ಮೈರ್ನಾ ಕೋಟಿಲ್ಲದೆ, ಐಸಿನ ಮೇಲೆ ಹಾಕುವ ಬೂಟಿನಲ್ಲೇ ಹಿಮ ತುಳಿದು ಬಂದಿದ್ದಳು.

"ಆಯ್ತಾ?"

"ಆಯ್ತು."

"ಹೊತ್ತಿಗೆ ಸರಿಯಾಗಿ?"

"ಸರಿಯಾಗಿ."

"ಕ್ಲಬ್ಬಲ್ಲಿ ಹೇಳಿ ಬಂದಿದೀನಿ, ಒಲೆ ಮೇಲೆ ಪಾತ್ರೆ ಇಟ್ಟು ಮರ್ತು ಬಂದಿದ್ಲು ಅಂತ. ಇನ್ನು ಸಾಯೋವರೆಗೂ ನೀನು ಒಲೆ ಆರಿಸದೋಳೇ." ಕುರ್ಚಿ ಎಳೆದು ಕೂತಳು. "ಸೋಮವಾರ ನಾನೂ ಬರ್ತೀನಿ."

"ನಾಳೆ ಓರೆಸ್ಟ್ ಬರ್ತಾನೆ. ಅವನೇ ಕರ್ಕೊಂಡು ಹೋಗ್ತಾನೆ."

"ಅವನು ಕಾರು ಓಡಿಸ್ಲಿ. ನಾನು ಹಿಂದೆ ಕೂತ್ಕೋತೀನಿ."

ಡೆನೀಸ್ ನನ್ನನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬಾಗಿಲಿಗೆ ಅಡ್ಡವಾಗಿಯೇ ಕೂತಿದ್ದಳು ಅತ್ತೆ.

"ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಒಂದು ಮಾತೂ ಆಡದೆ ಕೂರ್ತೀರಾ?"

ಮೈರ್ನಾಗೆ ಕಷ್ಟದ ಕರಾರು ಅದು.

"ಊಟ ತರಬಹುದಾ?"

"ತರಬಹುದು. ಮಾತಾಡದೆ."

"ಆಮೇಲೆ, ಏನಾಯ್ತು ಅಂತ..."

"ನಾನಾಗಿ ಹೇಳೋವರೆಗೂ ಕೇಳಂಗಿಲ್ಲ, ಅತ್ತೆ."

ಮೈರ್ನಾ ಆಗಲಿ ಎಂದು ತಲೆಯಾಡಿಸಿದಳು. ಡೆನೀಸ್ ಸೂಜಿಯನ್ನು ಬಳಸಿದ ಸೂಜಿಗಳ ಹಳದಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಎದ್ದು ಹೋಗುವ ಲಕ್ಷಣವನ್ನು ಅತ್ತೆ ತೋರಿಸಲಿಲ್ಲ.