ಅರಕ್ಕೋಣದವರೆಗೆ ಎಂಜಿನ್‌ನಲ್ಲಿ

ನಮ್ಮವರು ಕೊನೆಯ ಸಲ ಎಂಜಿನ್ ಇಳಿದಾಗ ಕಣ್ಣೀರು ಹಾಕಿದರೆಂದು ಮೊಮ್ಮಕ್ಕಳು ಕಥೆ ಕಟ್ಟಿದ್ದಾರೆ. ಅವರೂ ಅಳಲಿಲ್ಲ, ನಾನೂ ಅಳಲಿಲ್ಲ. ನಡೆದದ್ದು ಇಷ್ಟೇ: ನನ್ನ ಗಂಡನಿಗೆ ಮಾತು ಬರುತ್ತದೆಂದು ನನಗೆ ಅವತ್ತು ತಿಳಿಯಿತು.

ಆಗ ನಾವು ರಾಯಪುರಂನ ವಠಾರವೊಂದರಲ್ಲಿದ್ದೆವು. ನಮ್ಮವರು ಅರಕ್ಕೋಣದ ಪ್ಯಾಸೆಂಜರ್ ಗಾಡಿಯ ಡ್ರೈವರು. ಕೆಲಸದ ಕೊನೆಯ ದಿನ ಹೆಂಡತಿಯನ್ನು ಎಂಜಿನ್ ಹತ್ತಿಸಿಕೊಂಡು ಹೋಗುವುದು ಅವರ ಷೆಡ್ಡಿನವರ ರೂಢಿ. ನನಗೆ ಎಂಜಿನ್ ನೋಡುವ ಆಸೆಯೇನೂ ಇರಲಿಲ್ಲ. ನಾಳೆಯಿಂದ ಈ ಮನುಷ್ಯ ಹಗಲೆಲ್ಲ ಮನೆಯಲ್ಲಿರುತ್ತಾರೆ. ಮದುವೆಯಾದಾಗಿನಿಂದ ಇವರ ಬಾಯಲ್ಲಿ 'ಹೂಂ', 'ಉಹೂಂ' ಬಿಟ್ಟು ಮೂರನೆಯ ಮಾತು ಕೇಳಿದವಳಲ್ಲ. ಇನ್ನು ಹೇಗಪ್ಪಾ ಕಾಲ ಕಳೆಯುವುದೆಂಬ ಚಿಂತೆ. ದಾರಿಯಲ್ಲಾದರೂ ನಾಲ್ಕು ಮಾತಾಡಿಯಾರು ಎಂದು ಹೊರಟೆ.

ಮಾರ್ಗಶಿರದ ಬೆಳಿಗ್ಗೆ, ಮಂಜು ಬಿದ್ದಿತ್ತು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಮೆಟ್ಟಿಲು ನನ್ನ ಸೊಂಟದಷ್ಟು ಎತ್ತರ. ಫೈರ್‌ಮನ್ ಪಳನಿ ಕೈಹಿಡಿದು ಎಳೆದುಕೊಂಡ. ಬೆಂಕಿಗೆ ಕಲ್ಲಿದ್ದಲು ಹಾಕುವುದು ಅವನ ಕೆಲಸ. ಪೆರಂಬೂರಿನ ತಮಿಳವನು, ಆದರೂ ನನ್ನೊಡನೆ ಕನ್ನಡವನ್ನೇ ಆಡಿದ.

"ಕನ್ನಡ ಎಲ್ಲಿ ಕಲಿತ್ಯಪ್ಪಾ?" ಎಂದೆ.

"ಸಾರ್ ಹತ್ರ ತಾನ್ ಅಮ್ಮ. ಅರಕ್ಕೋಣಂ ಬರೋವರೆಗೂ ಬಾಯಿ ಮುಚ್ಚಲ್ಲ, ಕಲೀದೆ ಏನ್ ಮಾಡ್ಲಿ?"

"ಯಾವ ಸಾರು?"

"ಅಯ್ಯೋ, ನಿಮ್ಮ ಮನೆಯವ್ರು ತಾನ್!"

ತಮಾಷೆ ಮಾಡುತ್ತಿದ್ದಾನೆಂದುಕೊಂಡೆ. ಅವನು ನಿಲ್ಲುವ ಬದಿಯ ಪೆಟ್ಟಿಗೆಯೊಂದರ ಮೇಲೆ ನನ್ನನ್ನು ಕೂರಿಸಿದ. ಮುಂದೆ ಉರಿ, ಹಿಂದೆ ಚಳಿಗಾಳಿ. ಅರ್ಧ ಮೈ ಬೆಂದಿತು, ಅರ್ಧ ನಡುಗಿತು. ಕಿಡಿ ಹಾರಿ ಸೀರೆ ತೂತಾಯಿತು. ಪುಣ್ಯಕ್ಕೆ ಹಳೆಯ ಸೀರೆ.

ಪೆರಂಬೂರು ದಾಟುತ್ತಲೇ ನಮ್ಮವರು ಶುರುಮಾಡಿದರು. ಕಣ್ಣು ಹಳಿಯ ಮೇಲೆ, ಬಾಯಿ ಪಳನಿಯ ಕಡೆ. ಅತ್ತೆ ಹಸುವಿಗೆ ಹೆದರುತ್ತಿದ್ದದ್ದು, ಮದುವೆಯಲ್ಲಿ ನಾನು ನಿದ್ದೆಹೋದದ್ದು, ಹೋದ ವರ್ಷ ನನಗೆ ಜ್ವರ ಬಂದಾಗ ಇವರಿಗೆ ಊಟ ಸೇರದೆ ಹೋದದ್ದು. ಕಡೆಯದು ನನಗೇ ಹೊಸ ಸುದ್ದಿ. ನಡುನಡುವೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಅಷ್ಟು ದೊಡ್ಡ ನಗುವಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಪೆಟ್ಟಿಗೆಯಂತೆ ಕೂತಿದ್ದೆ.

ಆವಡಿಯ ಆಚೆ ಪಳನಿ ಸಲಿಕೆಯನ್ನು ಬಿಸಿನೀರಲ್ಲಿ ತೊಳೆದು, ಉರಿಗೆ ಹಿಡಿದು, ಅದರ ಮೇಲೆ ಹಪ್ಪಳ ಸುಟ್ಟ. ಮನೆಯಲ್ಲಿ ನಾನು ಮಡಿಯುಟ್ಟು ಬಡಿಸಿದರಷ್ಟೇ ಉಣ್ಣುವ ಮನುಷ್ಯ, ಕೈಯನ್ನು ಕಲ್ಲಿದ್ದಲಿಗಿಂತ ಕರಿಯಾದ ಚಿಂದಿಗೆ ಒರೆಸಿಕೊಂಡು ಕುರುಂಕುರುಂ ತಿಂದರು. ನಾನು ಮುಟ್ಟಲಿಲ್ಲ.

ತಿರುವಳ್ಳೂರಿಗೆ ಮೊದಲು ಹಳಿ ತಿರುಗುತ್ತದೆ. ಅಲ್ಲಿಯ ಸಿಗ್ನಲ್ ಕಂಬದ ಕೈ ಫೈರ್‌ಮನ್ ಕಡೆಯಿಂದಷ್ಟೇ ಕಾಣುತ್ತದೆ; ಕೈ ಇಳಿದಿದ್ದರೆ ಗಾಡಿಗೆ ದಾರಿ ಬಿಟ್ಟಿದೆಯೆಂದು ಅರ್ಥ. ಅವನು ಕೂಗಿ ಹೇಳಬೇಕು, ಡ್ರೈವರು ಅದನ್ನೇ ತಿರುಗಿ ಕೂಗಬೇಕು, ಅದು ಅವರ ಕ್ರಮ. ಆಗ ಪಳನಿ ಬಗ್ಗಿ ಕಲ್ಲಿದ್ದಲು ತುಂಬುತ್ತಿದ್ದ.

"ಏನಪ್ಪಾ, ಕೈ?" ಎಂದು ನಮ್ಮವರು ಕೂಗಿದರು.

ಅಷ್ಟು ಹೊತ್ತೂ ಇಬ್ಬರೂ ಹೀಗೆ ಕೂಗುವುದನ್ನು ನೋಡುತ್ತ ಬಂದಿದ್ದೆ. ಸಿಗ್ನಲ್ಲಿನ ಕೈ ಚೆನ್ನಾಗಿ ಬಾಗಿತ್ತು. "ಇಳಿದಿದೆ!" ಎಂದೆ.

"ಇಳಿದಿದೆ!" ಎಂದರು, ತಿರುಗಿ ನೋಡದೆ. ಪಳನಿ ತಲೆಯೆತ್ತಿ ತಾನೂ ನೋಡಿ ಖಾತ್ರಿ ಮಾಡಿಕೊಂಡ, ನನ್ನತ್ತ ಹಲ್ಲುಬಿಟ್ಟ. ಇವರಿಗೆ ಮಾತ್ರ ಅದು ನನ್ನ ಗಂಟಲೆಂದು ಹೊಳೆಯಲೇ ಇಲ್ಲ.

ಅರಕ್ಕೋಣದಲ್ಲಿ ಹಾರ, ಕಾಫಿ, ಒಂದಿಷ್ಟು ಕೈಕುಲುಕಾಟ. ಅಲ್ಲಿಗೆ ಅವರ ಎಂಜಿನ್ ಮುಗಿಯಿತು. ಪಾಸಿನ ಮೇಲೆ ಮೂರನೆಯ ದರ್ಜೆಯಲ್ಲಿ ಎದುರುಬದುರು ಕೂತು ಹಿಂತಿರುಗಿದೆವು. ತಿರುವಳ್ಳೂರು ಹೋಯಿತು, ಗದ್ದೆ ಹೋಯಿತು, ಕೆರೆ ಹೋಯಿತು. ಬಾಯಿ ಬಿಡಲಿಲ್ಲ. ನಾನೇ ಕೇಳಿದೆ:

"ಅವನ ಹತ್ರ ಅಷ್ಟು ಮಾತಾಡಿದ್ರಿ. ನಾನೇನು ಪಾಪ ಮಾಡಿದ್ದೆ?"

ಕಿಟಕಿಯಾಚೆ ನೋಡಿಕೊಂಡೇ ಹೇಳಿದರು: "ಅಲ್ಲಿ ಕಣ್ಣು ಹಳಿ ಮೇಲಿರುತ್ತೆ ಕಣೇ. ಮುಖ ನೋಡಿದ್ರೆ ನನಗೆ ಮಾತು ಹೊರಡಲ್ಲ."

ನನ್ನ ಮುಖಕ್ಕೆ ಇಂಥ ಹೆಸರು ಬಂತಲ್ಲ ಎಂದು ಬೇಸರವಾಯಿತು. ಬೇಸರ ಉಂಡು ಹೊಟ್ಟೆ ತುಂಬುವುದಿಲ್ಲ. ಸೆಂಟ್ರಲ್ಲಿಗೆ ಮುಂಚಿನ ಬೇಸಿನ್ ಬ್ರಿಡ್ಜ್ ಬರುವವರೆಗೂ ಯೋಚಿಸಿದೆ.

ಮಾರನೆಯ ಬೆಳಿಗ್ಗೆ ಅವರು ಸ್ನಾನ ಮಾಡಿ ಜಗಲಿಯ ಮೇಲೆ ಬೀದಿ ನೋಡುತ್ತ ಕೂತರು. ನಾನು ಕಾಫಿ ಕೊಟ್ಟು, ಪೆರಂಬೂರಿನ ಬಸ್ಸು ಹತ್ತಿ ಪಳನಿಯ ಮನೆ ಹುಡುಕಿಕೊಂಡು ಹೋದೆ. ಅವನು ಹಲ್ಲುಜ್ಜುತ್ತಿದ್ದವನು ಗಾಬರಿಯಾಗಿ ಎದ್ದುನಿಂತ.

"ರಜೆಯ ದಿನ ನಮ್ಮನೇಗೆ ಊಟಕ್ಕೆ ಬಾರಪ್ಪಾ," ಎಂದೆ.

"ಏನ್ ವಿಶೇಷ ಅಮ್ಮ?"

"ವಿಶೇಷ ಏನೂ ಇಲ್ಲ. ಜಗಲಿ ಮೇಲೆ ಕೂತು ಅವರ ಹತ್ರ ಮಾತಾಡು. ನಾನು ಒಳಗಿಂದ ಕೇಳಿಸ್ಕೋತೀನಿ."