ಅವನು ಹೇಳದೆ ಉಳಿಸಿದ ಅರ್ಧ ಸಿನಿಮಾ

ವಾಡಿಯಿಂದ ಶಹಾಬಾದಿಗೆ ಆಟೋ ಓಡಿಸುತ್ತಿದ್ದ ಅವನು ಆ ವಾರವೆಲ್ಲ ದಾರಿಯುದ್ದಕ್ಕೂ ಒಂದೇ ಸಿನಿಮಾದ ಕತೆ ಹೇಳಿದ. ಚಂದ್ರನ ಮೇಲೆ ಒಬ್ಬಳೇ ಸಿಕ್ಕಿಕೊಂಡ ಹೆಣ್ಣುಮಗಳು ರೇಡಿಯೋದಲ್ಲಿ ತಾಯಿಯ ದನಿಗಾಗಿ ಕಾಯುವ ಕತೆ. ಶಹಾಬಾದಿನ ಟಾಕೀಸಿಗೆ ಹಚ್ಚಿದ್ದ ಪೋಸ್ಟರಿನಲ್ಲಿ ಮಾತ್ರ ಚಂದ್ರನೂ ಇರಲಿಲ್ಲ, ಅವಳೂ ಇರಲಿಲ್ಲ; ಮಚ್ಚು ಹಿಡಿದ ಗಂಡಸೊಬ್ಬ ನಿಂತಿದ್ದ.

“ಎರಡ್ ನಿಮಿಷ ಬಂದು ಹೋಗಾವನ ಫೋಟೋ ಹಾಕ್ಯಾರ್ರಿ! ಇದನ್ನ ನೋಡಿ ಯಾರ್ ಬರ್ತಾರ?” ಎಂದು ಹ್ಯಾಂಡಲ್ ಬಿಟ್ಟು ಹಣೆ ಬಡಿದುಕೊಳ್ಳುತ್ತಿದ್ದ. ಹಿಂದೆ ಕೂತ ನಾವು ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆವು.

ಶಹಾಬಾದ್ ಬರುವ ಹೊತ್ತಿಗೆ ಅವಳ ಆಕ್ಸಿಜನ್ ಮುಗಿಯುತ್ತ ಬಂದಿರುತ್ತಿತ್ತು, ರೇಡಿಯೋ ಗೊರಗೊರ ಅನ್ನುತ್ತಿತ್ತು. ಸರಿಯಾಗಿ ಅಲ್ಲಿಗೆ ಗಾಡಿ ನಿಲ್ಲಿಸಿ, “ಮುಂದಿಂದು ಟಾಕೀಸಿನ್ಯಾಗ ನೋಡ್ರಿ” ಎನ್ನುತ್ತಿದ್ದ.

ಭಾನುವಾರ ನಾನು ಹೋದೆ. ಟಾಕೀಸಿನಲ್ಲಿ ಬೇರೆ ಸಿನಿಮಾ ಹಾಕಿದ್ದರು.

ಮರುದಿನ ಅವನ ಆಟೋದಲ್ಲಿ ಕೂತು, “ಇನ್ನರೆ ಹೇಳಪಾ, ಆಕಿ ಉಳದಳೋ ಇಲ್ಲೋ?” ಎಂದೆ.

ಅವನು ಗಾಡಿ ಚಾಲೂ ಮಾಡಿದ. “ಮತ್ತ ಹಾಕ್ತಾರ್ರಿ. ಆವಾಗ ನೋಡ್ರಿ.”

ಮತ್ತೆ ಹಾಕಲಿಲ್ಲ. ಈಗ ಅವನೂ ಆ ದಾರಿಯಲ್ಲಿ ಕಾಣುವುದಿಲ್ಲ. ಫೋನಿನಲ್ಲಿ ಹುಡುಕಿದರೆ ಅದೇ ಮಚ್ಚಿನ ಪೋಸ್ಟರ್ ಸಿಗುತ್ತದೆ, ಸಿನಿಮಾ ಸಿಗುವುದಿಲ್ಲ. ನಾನೀಗಲೂ ಚಂದ್ರನನ್ನು ಕಂಡರೆ ಒಂದು ಗಳಿಗೆ ನಿಲ್ಲುತ್ತೇನೆ. ತಾಯಿಯ ದನಿಗೆ ಕಿವಿಗೊಟ್ಟು ಅವಳಿನ್ನೂ ಅಲ್ಲೇ ಕೂತಿದ್ದಾಳೆ.