ರಕ್ಷೆಯ ನೂಲು

ಒದ್ದೆ ರೇಷ್ಮೆಗೆ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬಹುದು. ಇವತ್ತು ಬೆಳಿಗ್ಗೆ ಅಮ್ಮ ಮಡಿ ಸೀರೆಯನ್ನು ಹಿತ್ತಿಲಲ್ಲಿ ಹರವುತ್ತಿದ್ದಾಗ ಅದು ಬಂತು. "ನಾಳೆ ಚಿಕ್ಕಪ್ಪ ನಿನಗೆ ಪರಿತ್ತ ಹೇಳ್ತಾನಲ್ಲ, ರೇಷ್ಮೆ ಎಳೆ ತೆಗೆದಿಡಲೇನೆ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಮೌನವನ್ನು ಎಲ್ಲರೂ ಆಯಾಸವೆಂದೇ ತಿಳಿಯುತ್ತಾರೆ. ಅದೊಂದು ಅನುಕೂಲ.

ಚಿಕ್ಕಪ್ಪ ರಂಗೂನಿನಲ್ಲಿ ಗುಮಾಸ್ತರಾಗಿದ್ದವರು. ಯುದ್ಧ ಅಲ್ಲಿಗೆ ಬಂದಾಗ ಕಾಡುದಾರಿ ಹಿಡಿದು ನಡೆದು ಬಂದರು. ಜೊತೆಗೆ ತಂದದ್ದು ಪರಿತ್ತ ಎನ್ನುವ ಬೌದ್ಧರ ರಕ್ಷಾಪಾಠಗಳು, ಅದೂ ಬಾಯಲ್ಲಿ. ತಲೆ ನುಣ್ಣಗೆ ಬೋಳಿಸಿಕೊಂಡು ಮಧುಗಿರಿಯ ಪೇಟೆಯಲ್ಲಿ ಓಡಾಡುವ ಅವರನ್ನು ಹುಡುಗರು "ಬರ್ಮಾ ಸ್ವಾಮಿ" ಎಂದು ಕೂಗುತ್ತಿದ್ದರು. ಮೈಸೂರಿನಲ್ಲಿ ಪಾಲಿ ಓದಿದ ನಾನು ಪಾಠಗಳ ಅರ್ಥವನ್ನು ಅವರೊಡನೆ ಹೊತ್ತುಗಟ್ಟಲೆ ಚರ್ಚಿಸುತ್ತಿದ್ದೆ. ಆದರೆ ಮನೆಯೊಳಗೆ ಮಾತ್ರ. ಪೇಟೆಗೆ ಹೊರಟರೆ ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಕನ ಮೊದಲ ಮಗು ಉಳಿದಿರಲಿಲ್ಲ. ಎರಡನೆಯ ಸಲ ದಿನ ತುಂಬುತ್ತ ಬಂದಾಗ ಅವಳು ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಗರ್ಭಿಣಿಯರಿಗೆಂದೇ ಒಂದು ಪಾಠವಿದೆ ಎಂದು ಚಿಕ್ಕಪ್ಪ ಹೇಳಿದರು. ತನ್ನ ಬಾಳಿನ ಒಂದು ಸತ್ಯವನ್ನು ಬಾಯಿಬಿಟ್ಟು ಆಡಿ, ಆ ಸತ್ಯದ ಬಲದಿಂದ ತಾಯಿಗೂ ಮಗುವಿಗೂ ಕ್ಷೇಮ ಕೋರುವುದು ಅದರ ಸಾರ. ನೀರಿನ ಕೊಡಕ್ಕೆ ಸುತ್ತಿದ ನೂಲನ್ನು ಕೂತವರೆಲ್ಲ ಹಿಡಿದಿರಬೇಕು. ಪಾಠ ಮುಗಿದ ಮೇಲೆ ಅದನ್ನೇ ತುಂಡು ಮಾಡಿ ಕೈಗೆ ಕಟ್ಟಬೇಕು. ಅಕ್ಕನ ಮುಖಕ್ಕೆ ಸ್ವಲ್ಪ ಗೆಲುವು ಬಂತು. "ಹನುಮಕ್ಕನೂ ಹಿಡೀಲಿ," ಎಂದಳು. ಹನುಮಕ್ಕ ನಮ್ಮ ಸೂಲಗಿತ್ತಿ. ಅವಳ ಕೇರಿ ಊರಾಚೆ.

ಅಜ್ಜಿಗೆ ಕೋಪ ಬರಲಿಲ್ಲ, ಬಂದಿದ್ದರೆ ವಾಸಿಯಿತ್ತು. ಅವರು ಶಾಂತವಾಗಿ ಯೋಚಿಸಿದರು. "ಹತ್ತಿ ನೂಲು ಮೈಲಿಗೆ ಹರಿಸತ್ತಪ್ಪ. ರೇಷ್ಮೆ ತಗೋ. ರೇಷ್ಮೆಗೆ ದೋಷವಿಲ್ಲ."

ಚಿಕ್ಕಪ್ಪ ನನ್ನ ಕಡೆ ನೋಡಿದರು, ನಾನು ಕೊಡದ ಕಡೆ ನೋಡಿದೆ. ಅಜ್ಜಿಯ ಹಳೆಯ ಸೀರೆಯ ಅಂಚಿನಿಂದ ಅರಿಶಿನ ಬಣ್ಣದ ಎಳೆಗಳು ಬಂದವು. ಚಿಕ್ಕಪ್ಪ, ಅಕ್ಕ, ಅಮ್ಮ, ನಾನು ಸಾಲಾಗಿ ಹಿಡಿದೆವು. ಕೊನೆಯನ್ನು ಅಜ್ಜಿ ಹಿತ್ತಿಲ ಹೊಸ್ತಿಲ ಮೇಲೆ ಇಟ್ಟು, ಕೈ ಹಿಂದೆಗೆದು, "ತಗೊಳ್ಳೆ" ಎಂದರು.

ಹೊರಗೆ ಕೂತಿದ್ದ ಹನುಮಕ್ಕ ಎಳೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ನಕ್ಕುಬಿಟ್ಟಳು. "ನೂಲು ನೀವೇ ಇಟ್ಕಳಿ ತಾಯಿ. ನಾನು ಇಂಗೇ ಕುಂತು ಕೇಳ್ಕತೀನಿ. ಇಲ್ಲಾ, ಕಿವಿಗೂ ರೇಷ್ಮೆ ಸುತ್ಕಬೇಕಾ?"

"ಅವಳು ಹಿಡೀದಿದ್ರೆ ನಂಗೂ ಬೇಡ," ಎಂದು ಅಕ್ಕ ಅಳತೊಡಗಿದಳು.

"ಹಟ ಮಾಡಬ್ಯಾಡ ಕಣಮ್ಮ. ನಿನ್ ಕೂಸನ್ನ ಮೊದ್ಲು ಹಿಡಿಯೋಳು ನಾನೇ ಅಲ್ವಾ? ಈ ದಾರ ಯಾವ ಲೆಕ್ಕ. ಹೇಳಿ ಸ್ವಾಮಿ, ನೀವು ಶುರು ಮಾಡಿ."

ನಮ್ಮ ಮನೆಯ ಮಾನವನ್ನು ಅವಳು ಹೀಗೆ ಎತ್ತಿ ನಿಲ್ಲಿಸಿದಳು. ಚಿಕ್ಕಪ್ಪ ಕಣ್ಣು ಮುಚ್ಚಿ ಪಾಠ ಹೇಳಿದರು. ಸತ್ಯದ ಮಾತು ಬಂದ ಕಡೆ ಅವರ ಧ್ವನಿ ತಗ್ಗಿತು. ಅದರ ಅರ್ಥ ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ನಾನು ಸೀರೆಯ ನೆರಿಗೆ ನೋಡುತ್ತ ಕೂತಿದ್ದೆ.

ಗಂಡು ಮಗು ಹುಟ್ಟಿತು, ಉಳಿಯಿತು. ಪುರುಡಿನ ದಿನಗಳಲ್ಲಿ ಮನೆಗೆ ಮನೆಯೇ ಮೈಲಿಗೆಯಾದ್ದರಿಂದ ಹನುಮಕ್ಕ ಒಳಗೆಲ್ಲ ಓಡಾಡಿ ಬಾಣಂತಿಗೆ, ಕೂಸಿಗೆ ನೀರೆರೆದಳು. ಪುಣ್ಯಾಹವಾಯಿತು, ಅವಳು ಮತ್ತೆ ಹಿತ್ತಿಲಿಗೆ ಹೋದಳು. ಯಾರೂ ಹೇಳಬೇಕಾಗಲಿಲ್ಲ.

ಅಜ್ಜಿ ಈಗಿಲ್ಲ. ಆದರೂ ಇವತ್ತು ಬೆಳಿಗ್ಗೆ ಅಮ್ಮ ರೇಷ್ಮೆಯನ್ನೇ ಕೇಳಿದಳು. "ಹತ್ತಿ ನೂಲೇ ಇರಲಿ," ಎಂದು ಕೊನೆಗೂ ಹೇಳಿ, ಅವಳು ಬೇರೇನಾದರೂ ಕೇಳುವ ಮೊದಲೇ ಹನುಮಕ್ಕನ ಕೇರಿಗೆ ಹೊರಟೆ. ಇಷ್ಟು ವರ್ಷದಲ್ಲಿ ಅವಳ ಮನೆ ಯಾವುದೆಂದು ನನಗೆ ತಿಳಿದಿರಲಿಲ್ಲ, ಕೇಳಿಕೊಂಡು ಹೋಗಬೇಕಾಯಿತು. ನಾಳೆಯ ಪಾಠದ ಸುದ್ದಿ ಹೇಳಿದೆ.

"ನೂಲು ಹಿಡಿಯಾಕೆ ಕರಿಯಾಕ್ ಬಂದ್ಯಾ? ಬಸುರಿ ಹೆಂಗ್ಸು, ಈ ಬಿಸ್ಲಾಗೆ!" ಎಂದು ಜಗಲಿ ಗುಡಿಸಿ ಕೂರಿಸಿದಳು. ಒಳಗಿನಿಂದ ಚೊಂಬು ತಂದಳು. "ನೀರು ಕುಡೀತೀಯೇನವ್ವ? ಇಲ್ಲಾ ಮನೇಲಿ ಕೇಳ್ಕಂಡು ಬತ್ತೀಯಾ?"

ಕೈ ಚಾಚಿದೆ. ಚೊಂಬು ಮುಟ್ಟುವ ಮುನ್ನ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ನಾನು ನಿಲ್ಲಿಸಲಿಲ್ಲ, ತಾನಾಗಿ ನಿಂತಿತು. ಹನುಮಕ್ಕ ನೋಡಿದಳು, ಆಮೇಲೆ ನೋಡದವಳಂತೆ ಕೋಳಿ ಅಟ್ಟಿದಳು. ನೀರನ್ನು ಪೂರ್ತಿ ಕುಡಿದೆ. ಬೇಗ ಬೇಗ ಕುಡಿದೆ.

"ನಾಳೀಕೆ ಬತ್ತೀನಿ. ಹಿತ್ತಿಲ ತಾವ ನಿಂತಿರ್ತೀನಿ. ಒಳೀಕ್ ಬಾ ಅಂತ ನೀನೇ ಎಲ್ರ ಮುಂದೆ ಬಾಯ್ಬುಟ್ಟು ಹೇಳ್ಬೇಕು. ಹೇಳ್ತೀಯಾ?"

"ಹೇಳ್ತೀನಿ," ಎಂದೆ.

ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡುತ್ತ ಬಂದೆ: ಒಳಗೆ ಬಾ, ಹನುಮಕ್ಕ. ಪಾಲಿಯ ಉದ್ದುದ್ದ ಪಾಠಗಳು ತಡವರಿಸದೆ ಬರುತ್ತಿದ್ದ ಬಾಯಿ ಇದು. ನಮ್ಮ ಮನೆ ಕಾಣಿಸಿತು. ಧ್ವನಿ ಇನ್ನೂ ಗಟ್ಟಿಯಾಗಿರಲಿಲ್ಲ.